ಹತ್ತು ನಿಮಿಷ ಮುಂದಿರುವ ಗಡಿಯಾರ: ಸಾಹಿತ್ಯದ ಮೂಲಾಂಶಗಳು ಮತ್ತು ಪ್ರಯೋಜನ

ಮೊದಲು ಐದು ವಾಕ್ಯಗಳ ಒಂದು ಕಥೆ.

ಹೆಂಡತಿ ಗೋಡೆ ಗಡಿಯಾರವನ್ನು ಯಾವಾಗಲೂ ಹತ್ತು ನಿಮಿಷ ಮುಂದಿಡುತ್ತಿದ್ದಳು. ಸುಳ್ಳು ಹೇಳುವ ಗಡಿಯಾರ ಯಾತಕ್ಕೆ ಎಂದು ಗಂಡ ಮೂವತ್ತು ವರ್ಷ ಜಗಳವಾಡಿದ. ಅವಳು ತೀರಿಕೊಂಡ ಮೇಲೆ ಒಂದು ದಿನ ಗಡಿಯಾರ ನಿಂತಿತು. ಅವನು ಹೊಸ ಸೆಲ್ ಹಾಕಿ, ಕೈಗಡಿಯಾರ ನೋಡಿ, ಮುಳ್ಳನ್ನು ಸರಿಯಾದ ಸಮಯಕ್ಕೆ ತಂದ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಇನ್ನೂ ಹತ್ತು ನಿಮಿಷ ಮುಂದಕ್ಕೆ ತಿರುಗಿಸಿ ಗೋಡೆಗೆ ತೂಗುಹಾಕಿದ.

ಈಗ ಇದರ ಸಾರಾಂಶ ಬರೆಯೋಣ: ‘ಹೆಂಡತಿಯನ್ನು ಕಳೆದುಕೊಂಡ ಒಬ್ಬನಿಗೆ ಅವಳ ನೆನಪು ಬಿಡದೆ ಕಾಡುತ್ತದೆ.’ ಸಾರಾಂಶದಲ್ಲಿ ತಪ್ಪೇನೂ ಇಲ್ಲ. ಪರೀಕ್ಷೆಯಲ್ಲಿ ಪೂರ್ಣ ಅಂಕವನ್ನೂ ಕೊಡಬಹುದು. ಆದರೆ ಐದು ವಾಕ್ಯ ಒಂದಾಗುವಷ್ಟರಲ್ಲಿ ಏನೋ ಸೋರಿಹೋಯಿತು. ಒಂದು ಗಣಿತದ ಪ್ರಮೇಯವನ್ನು ಬೇರೆ ಮಾತುಗಳಲ್ಲಿ ಹೇಳಿದರೆ ಹೀಗೆ ಸೋರುವುದಿಲ್ಲ. ಔಷಧಿಯ ಚೀಟಿಯನ್ನು ಬೇರೆ ಮಾತುಗಳಲ್ಲಿ ಬರೆದರೂ ರೋಗಿಗೆ ನಷ್ಟವಿಲ್ಲ. ಸಾಹಿತ್ಯದಲ್ಲಿ ಮಾತ್ರ ಸಾರಾಂಶ ಮಾಡಿದ ಕೂಡಲೇ ಮುಖ್ಯವಾದದ್ದೇ ಕಾಣೆಯಾಗುತ್ತದೆ. ಹಾಗೆ ಕಾಣೆಯಾಗುವುದು ಯಾವುದರಿಂದ ಆಗಿದೆ, ಅದು ಯಾತಕ್ಕೆ ಬೇಕು ಎಂಬ ಎರಡು ಪ್ರಶ್ನೆಗಳು ನನ್ನ ಮಟ್ಟಿಗೆ ಒಂದೇ ಪ್ರಶ್ನೆ.

‘ಸಾಹಿತ್ಯ’ ಎಂಬ ಪದದಲ್ಲೇ ಅರ್ಧ ಉತ್ತರ ಅಡಗಿದೆ. ಸಹಿತ ಎಂದರೆ ಜೊತೆಗೂಡಿದ್ದು; ಅದರ ಭಾವ ಸಾಹಿತ್ಯ. ಯಾವುದು ಯಾವುದರ ಜೊತೆ? ಸುಮಾರು 7ನೇ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ, ಅಂದರೆ ಕಾವ್ಯ ಎಂದರೇನು ಎಂದು ವಿಚಾರ ಮಾಡಿದ ಭಾಮಹ ಹೇಳಿದ್ದು ಚಿಕ್ಕ ಮಾತು: ‘ಶಬ್ದಾರ್ಥೌ ಸಹಿತೌ ಕಾವ್ಯಂ’. ಶಬ್ದವೂ ಅರ್ಥವೂ ಕೂಡಿದ್ದು ಕಾವ್ಯ. ಕೇಳಿದ ತಕ್ಷಣ ಒಂದು ತಕರಾರು ಏಳುತ್ತದೆ. ಶಬ್ದ ಮತ್ತು ಅರ್ಥ ಎಲ್ಲ ಮಾತಿನಲ್ಲೂ ಕೂಡಿಯೇ ಇರುತ್ತವಲ್ಲ, ರೈಲು ಎಷ್ಟು ಗಂಟೆಗೆ ಬರುತ್ತದೆ ಎಂಬ ಪ್ರಕಟಣೆಯಲ್ಲೂ? ಈ ತಕರಾರಿಗೆ ಸರಿಯಾದ ಉತ್ತರ ಕೊಟ್ಟವನು ಭಾಮಹನಿಗಿಂತ ಮೂರ್ನಾಲ್ಕು ಶತಮಾನ ಈಚಿನ ಕುಂತಕ. ಅವನ ಪ್ರಕಾರ ಸಾಹಿತ್ಯ ಎಂದರೆ ಶಬ್ದ ಮತ್ತು ಅರ್ಥ ಒಂದಕ್ಕಿಂತ ಒಂದು ಕಡಿಮೆಯೂ ಆಗದೆ, ಹೆಚ್ಚೂ ಆಗದೆ, ಸಮಸಮವಾಗಿ ನಿಂತು ಮನಸೆಳೆಯುವ ಸ್ಥಿತಿ. ರೈಲಿನ ಪ್ರಕಟಣೆಯಲ್ಲಿ ಅರ್ಥ ತಲುಪಿದ ಮೇಲೆ ಶಬ್ದ ಬಿದ್ದುಹೋಗುತ್ತದೆ. ಕವಿತೆಯಲ್ಲಿ ಶಬ್ದ ಬೀಳುವುದಿಲ್ಲ. ಅರ್ಥ ತಿಳಿದ ಮೇಲೂ ನಾವು ಅದೇ ಸಾಲನ್ನು ಮತ್ತೆ ಹೇಳಿಕೊಳ್ಳುತ್ತೇವೆ.

ಪಠ್ಯಪುಸ್ತಕಗಳು ಸಾಹಿತ್ಯದ ಮೂಲಾಂಶಗಳೆಂದು ಸಾಮಾನ್ಯವಾಗಿ ನಾಲ್ಕನ್ನು ಹೇಳುತ್ತವೆ: ಭಾವ, ವಿಚಾರ, ಕಲ್ಪನೆ, ಶೈಲಿ. ಕಥೆ ಕಾದಂಬರಿಗಳ ಪಾಠಕ್ಕೆ ಬಂದಾಗ ಪಟ್ಟಿ ಬದಲಾಗಿ ವಸ್ತು, ಪಾತ್ರ, ಸನ್ನಿವೇಶ, ಸಂಭಾಷಣೆ, ದೃಷ್ಟಿಕೋನ, ಆಶಯ ಎಂದಾಗುತ್ತದೆ. ಪಟ್ಟಿಗಳು ಸುಳ್ಳಲ್ಲ. ಆದರೆ ಅವುಗಳನ್ನು ಅಳತೆ ಪ್ರಕಾರ ಬೆರೆಸಿದರೆ ಕೃತಿ ಸಿದ್ಧ ಎಂಬ ಭ್ರಮೆಯನ್ನು ಹುಟ್ಟಿಸುತ್ತವೆ. ಗಡಿಯಾರದ ಕಥೆಯನ್ನೇ ಬಿಚ್ಚಿ ನೋಡೋಣ. ಒಂದು ಅಂಶವನ್ನು ಮುಟ್ಟಿದರೆ ಉಳಿದದ್ದಕ್ಕೆ ಏನಾಗುತ್ತದೆ ಎಂಬುದು ಆಗ ಕಾಣುತ್ತದೆ.

ವಸ್ತುವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾವು, ವಿರಹ, ನೆನಪು ಎಲ್ಲ ಕಾಲದಲ್ಲೂ ಎಲ್ಲ ಭಾಷೆಯಲ್ಲೂ ಬಿದ್ದಿರುವ ಸರಕು. ಹೊಸ ವಸ್ತು ಸಿಗಲಿಲ್ಲ ಎಂದು ಬರೆಯದೆ ಕುಳಿತವರನ್ನು ಕಂಡರೆ ನನಗೆ ಸ್ವಲ್ಪ ನಗು ಬರುತ್ತದೆ. ಪಂಪ 10ನೇ ಶತಮಾನದಲ್ಲಿ ಬರೆದದ್ದು ಎಲ್ಲರಿಗೂ ಗೊತ್ತಿದ್ದ ಮಹಾಭಾರತದ ಕಥೆಯನ್ನೇ.

ಜೋಡಣೆ ಹಾಗಲ್ಲ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರ ತನ್ನ ಉಪನ್ಯಾಸಗಳಲ್ಲಿ ಒಂದು ಸರಳ ವ್ಯತ್ಯಾಸ ಹೇಳಿದ. ‘ರಾಜ ಸತ್ತ, ಆಮೇಲೆ ರಾಣಿ ಸತ್ತಳು’ ಎಂದರೆ ಬರೀ ಕಥೆ. ‘ರಾಜ ಸತ್ತ, ಆ ದುಃಖದಲ್ಲಿ ರಾಣಿಯೂ ಸತ್ತಳು’ ಎಂದರೆ ಕಥಾಸಂವಿಧಾನ. ಮೊದಲನೆಯದು ‘ಆಮೇಲೆ ಏನಾಯಿತು’ ಎಂಬ ಪ್ರಶ್ನೆಗೆ ಉತ್ತರ, ಎರಡನೆಯದು ‘ಯಾಕಾಯಿತು’ ಎಂಬುದಕ್ಕೆ. ಗಡಿಯಾರದ ಕಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ‘ಯಾಕೆ’ ಎಂಬುದನ್ನು ಹೇಳದೆ ಬಿಟ್ಟಿದೆ. ಅವನು ಮೊದಲು ಮುಳ್ಳನ್ನು ಸರಿಯಾದ ಸಮಯಕ್ಕೆ ತಂದದ್ದನ್ನು ಗಮನಿಸಿ. ಆ ವಾಕ್ಯವನ್ನು ತೆಗೆದು, ನೇರವಾಗಿ ಹತ್ತು ನಿಮಿಷ ಮುಂದಿಟ್ಟ ಎಂದು ಬರೆದರೆ ಅದು ಅಭ್ಯಾಸಬಲ ಎನಿಸುತ್ತದೆ. ಸರಿ ಮಾಡಿ, ನಿಂತು, ಮತ್ತೆ ತಪ್ಪು ಮಾಡಿದ್ದರಿಂದ ಅದು ತೀರ್ಮಾನವಾಯಿತು. ವಾಕ್ಯಗಳ ಕ್ರಮದಿಂದಲೇ ಪಾತ್ರ ಹುಟ್ಟಿತು. ಅವನ ಸ್ವಭಾವವನ್ನು ಬಣ್ಣಿಸುವ ಒಂದೇ ಒಂದು ವಿಶೇಷಣ ಇಲ್ಲಿಲ್ಲ.

ಇನ್ನು ದೃಷ್ಟಿಕೋನ, ಅಂದರೆ ಕಥೆಯನ್ನು ಯಾರ ಕಣ್ಣಿನಿಂದ ಕಾಣುತ್ತೇವೆ ಎಂಬುದು. ಇದೇ ಘಟನೆಯನ್ನು ಮಗಳು ಹೇಳಿದಳೆನ್ನಿ: ‘ಅಪ್ಪ ಸೆಲ್ ಬದಲಾಯಿಸಿದರು, ಆದರೂ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ನಾನು ಸರಿ ಮಾಡಲು ಹೋದೆ. ಬೇಡ ಎಂದರು.’ ಈಗ ಕಥೆ ಗಂಡ ಹೆಂಡತಿಯದ್ದಾಗಿ ಉಳಿಯಲಿಲ್ಲ; ಅಪ್ಪನನ್ನು ಆ ಕ್ಷಣದಲ್ಲಿ ಮೊದಲ ಬಾರಿ ಕಂಡ ಮಗಳದ್ದಾಯಿತು. ಅವನೇ ‘ನಾನು’ ಎಂದು ಹೇಳಿಕೊಂಡರೆ ಇನ್ನೊಂದು ತೊಂದರೆ: ತನ್ನ ದುಃಖವನ್ನು ತಾನೇ ಇಷ್ಟು ಚೆಂದವಾಗಿ ಜೋಡಿಸಿ ಹೇಳುವವನ ಮೇಲೆ ನಮಗೆ ಸಣ್ಣ ಅನುಮಾನ ಬರುತ್ತದೆ. ಘಟನೆ ಒಂದೇ, ಕಥೆ ಮೂರು.

ಭಾಷೆಯ ವಿಷಯಕ್ಕೆ ಬಂದರೆ, ‘ಸುಳ್ಳು ಹೇಳುವ ಗಡಿಯಾರ’ ಎಂಬ ಮಾತು ಕಥೆಯಲ್ಲಿರುವ ಒಂದೇ ಅಲಂಕಾರ, ಅದೂ ಜಗಳದ ಬಾಯಲ್ಲಿ ಬಂದದ್ದು. ಅದಿಲ್ಲದಿದ್ದರೆ ಕೊನೆಯಲ್ಲಿ ಅವನೇ ಆ ಸುಳ್ಳನ್ನು ಗೋಡೆಗೆ ತೂಗುಹಾಕಿದ ಎಂಬ ಎಳೆ ಹುಟ್ಟುತ್ತಿರಲಿಲ್ಲ. ಅಲಂಕಾರ ಎಂದರೆ ಮೇಲಿನಿಂದ ತೊಡಿಸುವ ಒಡವೆ ಎಂದು ಭಾವಿಸುವವರು ಬಹಳ. ಕೆಲಸ ಮಾಡುವ ಅಲಂಕಾರ ಒಡವೆಯಂತಿರುವುದಿಲ್ಲ, ಕೀಲಿನಂತಿರುತ್ತದೆ. ತೆಗೆದರೆ ಬಾಗಿಲೇ ಕಳಚುತ್ತದೆ. ಲಯವೂ ಹಾಗೆಯೇ. ಪದ್ಯದಲ್ಲಿ ಮಾತ್ರೆ, ಗಣ, ಪ್ರಾಸಗಳಿಂದ ಅದು ಎದ್ದು ಕಾಣುತ್ತದೆ. ಗದ್ಯದಲ್ಲಿ ವಾಕ್ಯದ ಉದ್ದ ಗಿಡ್ಡಗಳಲ್ಲಿ ಅಡಗಿರುತ್ತದೆ. ‘ಒಂದು ದಿನ ಗಡಿಯಾರ ನಿಂತಿತು’ ಎಂಬುದರ ನಂತರ ಓದುಗನ ಉಸಿರೂ ಅರೆಕ್ಷಣ ನಿಲ್ಲಬೇಕು. ಪದ್ಯವೋ ಗದ್ಯವೋ ಎಂಬ ಹಳೆಯ ಜಗಳವನ್ನು ಮುದ್ದಣ ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’, ಅಂದರೆ ಪದ್ಯ ಕೊಲ್ಲತಕ್ಕದ್ದು, ಗದ್ಯ ಮನಸ್ಸಿಗೆ ಹಿಡಿಸುವಂಥದ್ದು ಎಂಬ ತಮಾಷೆಯ ಮಾತಿನಲ್ಲಿ ಮುಗಿಸಿದ. ಆ ಮಾತು ನೆನಪಿನಲ್ಲಿ ಉಳಿದಿರುವುದು ಅದರ ಪ್ರಾಸದಿಂದ ಎಂಬುದು ಬೇರೆ ವಿಷಯ.

ಇಷ್ಟು ಅಂಶಗಳನ್ನು ಎಣಿಸಿದ ಮೇಲೂ ಮುಖ್ಯವಾದದ್ದು ಕೈಗೆ ಸಿಕ್ಕಿಲ್ಲ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇತ್ತು ಎಂದು ಕಥೆ ಎಲ್ಲಿ ಹೇಳಿದೆ? ಎಲ್ಲೂ ಇಲ್ಲ. ಹೇಳಿರುವುದು ಜಗಳವನ್ನು ಮಾತ್ರ. ಆದರೂ ನಮಗೆ ಕೇಳಿಸಿತು. ಹೇಳದೆ ಕೇಳಿಸುವ ಈ ಅರ್ಥವನ್ನು 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನಿ’ ಎಂದು ಕರೆದ, ಮತ್ತು ಅದೇ ಕಾವ್ಯದ ಆತ್ಮ ಎಂದ. ಅದು ಯಾವುದೋ ಒಂದು ಅವಯವದಲ್ಲಿ ಇರುವುದಿಲ್ಲ. ಹೆಣ್ಣಿನ ಲಾವಣ್ಯ ಅವಳ ಅಂಗಾಂಗಗಳಿಂದ ಬೇರೆಯಾಗಿ ಹೊಳೆಯುವಂತೆ ಅದು ಹೊಳೆಯುತ್ತದೆ ಎಂಬುದು ಅವನು ಕೊಟ್ಟ ಹೋಲಿಕೆ. ಅಂಶಗಳ ಪಟ್ಟಿಗೆ ಸಿಗದ ಅಂಶ ಇದು.

ಇದನ್ನು ತೋರಿಸಲು ನಮ್ಮ ಕಾವ್ಯಮೀಮಾಂಸೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವಿದೆ. ಭಾಮಹ ಒಂದು ಕಡೆ ಗೊಣಗುತ್ತಾನೆ: ‘ಸೂರ್ಯ ಮುಳುಗಿದ, ಚಂದ್ರ ಬೆಳಗುತ್ತಿದ್ದಾನೆ, ಹಕ್ಕಿಗಳು ಗೂಡಿಗೆ ಹೋಗುತ್ತಿವೆ’ ಎಂದರೆ ಅದೂ ಒಂದು ಕಾವ್ಯವೇ? ಅದು ಬರೀ ವಾರ್ತೆ. ಅವನ ಮಾತು ಒಪ್ಪತಕ್ಕದ್ದೇ. ನಾಲ್ಕು ಶತಮಾನ ಕಳೆದ ಮೇಲೆ, 11ನೇ ಶತಮಾನದಲ್ಲಿ, ಮಮ್ಮಟ ‘ಗತೋಸ್ತಮರ್ಕಃ’, ಅಂದರೆ ‘ಸೂರ್ಯ ಮುಳುಗಿದ’ ಎಂಬ ಅದೇ ಮಾತನ್ನು ಕೈಗೆತ್ತಿಕೊಂಡು ಧ್ವನಿಗೆ ಉದಾಹರಣೆ ಮಾಡುತ್ತಾನೆ. ಹೇಳುವವರು ಯಾರು, ಕೇಳುವವರು ಯಾರು, ಸಂದರ್ಭ ಏನು ಎಂಬುದರ ಮೇಲೆ ಆ ಒಂದು ವಾಕ್ಯ ಬೇರೆ ಬೇರೆಯಾಗಿ ಕೇಳಿಸುತ್ತದೆ ಎಂದು ಅವನು ಒಂದೊಂದಾಗಿ ಎಣಿಸುತ್ತಾನೆ. ಶತ್ರುವಿನ ಮೇಲೆ ಬೀಳಲು ಇದೇ ಸಮಯ. ಪ್ರಿಯನನ್ನು ಕಾಣಲು ಹೊರಡು. ಕೆಲಸ ಸಾಕು ಮಾಡೋಣ. ಸಂಧ್ಯಾವಂದನೆಗೆ ಹೊತ್ತಾಯಿತು. ದೂರ ಹೋಗಬೇಡ. ದನಗಳನ್ನು ಒಳಗೆ ಕೂಡು. ಇನ್ನು ಬಿಸಿಲಿನ ತಾಪವಿಲ್ಲ. ಮಾರಾಟದ ಸಾಮಾನು ಎತ್ತಿಡು. ಕೊನೆಗೆ, ಕಾದು ಕುಳಿತವಳಿಗೆ: ಅವನು ಇವತ್ತೂ ಬರಲಿಲ್ಲ.

ಒಬ್ಬ ವಾರ್ತೆಯೆಂದು ಬಿಸಾಡಿದ್ದನ್ನು ಇನ್ನೊಬ್ಬ ಎತ್ತಿಕೊಂಡದ್ದು ಬರೀ ಪಂಡಿತರ ಚತುರತೆಯಲ್ಲ. ಸಾಹಿತ್ಯ ಪದಗಳಲ್ಲಿ ಮಾತ್ರ ಇರುವುದಿಲ್ಲ. ಯಾರು, ಯಾರಿಗೆ, ಎಲ್ಲಿ ನಿಂತು ಹೇಳಿದರು ಎಂಬ ಸಂಬಂಧದಲ್ಲಿ ಇರುತ್ತದೆ ಎಂಬುದನ್ನು ಈ ನಾಲ್ಕು ಶತಮಾನಗಳ ಅಂತರ ತೋರಿಸುತ್ತದೆ.

ಹಾಗಾದರೆ ಅಂಶಗಳ ಪಟ್ಟಿಯಲ್ಲಿ ಓದುಗನಿಗೂ ಒಂದು ಜಾಗ ಬೇಕು. ಪಠ್ಯಪುಸ್ತಕಗಳು ಮರೆಯುವುದು ಅವನನ್ನೇ. ಸಂಸ್ಕೃತ ಕಾವ್ಯಮೀಮಾಂಸಕರು ಅವನನ್ನು ‘ಸಹೃದಯ’ ಎಂದರು. ಸಾಹಿತ್ಯದಲ್ಲಿರುವ ‘ಸಹ’ವೇ ಇಲ್ಲೂ ಇದೆ. ಕಾವ್ಯವನ್ನು ಓದಿ ಓದಿ ಮನಸ್ಸೆಂಬ ಕನ್ನಡಿಯನ್ನು ತಿಳಿಯಾಗಿಸಿಕೊಂಡವನು ಎಂಬುದು ಅಭಿನವಗುಪ್ತನ ವಿವರಣೆ. ಬರೆಯುವವನಿಗೆ ಕಾರಯಿತ್ರೀ ಪ್ರತಿಭೆ, ಓದುವವನಿಗೆ ಭಾವಯಿತ್ರೀ ಪ್ರತಿಭೆ ಎಂದು ರಾಜಶೇಖರ ಎರಡಕ್ಕೂ ಪ್ರತಿಭೆ ಎಂಬ ಪದವನ್ನೇ ಬಳಸಿದ. ಓದುವುದು ಕೆಳದರ್ಜೆಯ ಕೆಲಸ ಎಂದು ಅವನಿಗೆ ಅನಿಸಿರಲಿಲ್ಲ. ಓದು ಎಂದರೆ ಅಕ್ಷರವೇ ಆಗಬೇಕಿಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ 9ನೇ ಶತಮಾನದ ಕವಿರಾಜಮಾರ್ಗ ಇಲ್ಲಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಹೊಗಳಿತು. ವಿಶೇಷವಾಗಿ ಓದದೆಯೂ ಕಾವ್ಯದ ಬಳಕೆಯನ್ನು ಬಲ್ಲವರು. ಇನ್ನು ಮುದ್ದಣನ ರಾಮಾಶ್ವಮೇಧದಲ್ಲಿ ಕಥೆ ಕೇಳುವ ಹೆಂಡತಿ ಮನೋರಮೆ ನಡುನಡುವೆ ಬಾಯಿ ಹಾಕುತ್ತಾಳೆ, ಅಣಕಿಸುತ್ತಾಳೆ. ಅವಳಿಲ್ಲದಿದ್ದರೆ ಆ ಕೃತಿ ಇನ್ನೊಂದು ರಾಮಕಥೆಯಾಗಿ ಉಳಿಯುತ್ತಿತ್ತು ಎಂದು ನನ್ನ ಅಂದಾಜು.

ಓದುಗನಲ್ಲಿ ನಡೆಯುವುದಕ್ಕೆ ಒಂದು ಹೆಸರು ಬೇಕಲ್ಲ, ಅದು ರಸ. ಭರತನ ನಾಟ್ಯಶಾಸ್ತ್ರದ ಸೂತ್ರ ಭಾವ ಹುಟ್ಟಲು ಕಾರಣವಾದದ್ದನ್ನು ವಿಭಾವ ಎನ್ನುತ್ತದೆ, ಅದು ಹೊರಗೆ ಕಾಣಿಸಿಕೊಳ್ಳುವ ಚಿಹ್ನೆಯನ್ನು ಅನುಭಾವ, ನಡುವೆ ಬಂದುಹೋಗುವ ಸಣ್ಣ ಭಾವಗಳನ್ನು ವ್ಯಭಿಚಾರಿ ಭಾವ. ಇವು ಕೂಡಿದಾಗ ರಸ ನಿಷ್ಪತ್ತಿಯಾಗುತ್ತದೆ, ಅಂದರೆ ಮೂಡಿಬರುತ್ತದೆ. ನಿಂತುಹೋದ ಗಡಿಯಾರ ವಿಭಾವ. ಅವನು ಸುಮ್ಮನೆ ನಿಂತದ್ದು ಅನುಭಾವ. ಆದರೆ ಈ ಪಾರಿಭಾಷಿಕ ಪದಗಳಿಗಿಂತ ಮುಖ್ಯವಾದ ಒಂದು ಒಗಟು ಇಲ್ಲಿದೆ. ನಿಜಜೀವನದ ಶೋಕ ಯಾರಿಗೂ ಬೇಡ. ಕರುಣರಸದ ನಾಟಕಕ್ಕೆ ಮಾತ್ರ ಜನ ತಾವಾಗಿ ಹೋಗಿ ಅಳುತ್ತಾರೆ. ಯಾಕೆ? ಕಾವ್ಯಮೀಮಾಂಸಕ ಭಟ್ಟನಾಯಕ ಕೊಟ್ಟ ಉತ್ತರ ಸಾಧಾರಣೀಕರಣ. ಕಾವ್ಯದಲ್ಲಿ ಆ ದುಃಖ ‘ನನ್ನದು’ ಆಗಿರುವುದಿಲ್ಲ, ‘ಅವನದು’ ಎಂದು ದೂರ ತಳ್ಳುವಂತೆಯೂ ಇರುವುದಿಲ್ಲ. ಯಾರದ್ದೂ ಅಲ್ಲದ್ದರಿಂದ ಎಲ್ಲರದ್ದೂ ಆಗುತ್ತದೆ. ಗಡಿಯಾರದ ಮುದುಕನಿಗೆ ನಾವು ಸಾಂತ್ವನ ಹೇಳಬೇಕಾಗಿಲ್ಲ, ಅವನ ಮನೆಗೆ ಹೋಗಬೇಕಾಗಿಲ್ಲ. ಏನೂ ಮಾಡಬೇಕಾಗಿಲ್ಲದ್ದರಿಂದಲೇ ಪೂರ್ತಿಯಾಗಿ ಅನುಭವಿಸಲು ಸಾಧ್ಯ.

ಇಲ್ಲಿಂದ ‘ಯಾತಕ್ಕೆ’ ಎಂಬ ಪ್ರಶ್ನೆಗೆ ಒಂದೇ ಹೆಜ್ಜೆ. ಏನೂ ಮಾಡಬೇಕಾಗಿಲ್ಲದ ದುಃಖದಿಂದ ಆಗಬೇಕಾದದ್ದೇನು?

ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊಗೆ ಇದೇ ಚಿಂತೆ. ಬದುಕಿನಲ್ಲಿ ಅಳುವನ್ನು ತಡೆದುಕೊಳ್ಳಬೇಕಾದ ಮನುಷ್ಯ ರಂಗಭೂಮಿಯ ಮುಂದೆ ಅಳುವುದನ್ನು ಅಭ್ಯಾಸ ಮಾಡಿಕೊಂಡರೆ ವಿವೇಕ ದುರ್ಬಲವಾಗುತ್ತದೆ ಎಂದು ಅವನು ತನ್ನ ಆದರ್ಶ ರಾಜ್ಯದಿಂದ ಕವಿಗಳನ್ನು ಹೊರಗಿಟ್ಟ. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ ಎನ್ನುವುದನ್ನು ಬಹಳ ಜನ ಹೇಳುವುದಿಲ್ಲ. ಕಾವ್ಯ ಸಂತೋಷ ಕೊಡುವುದಷ್ಟೇ ಅಲ್ಲ, ಹಿತವನ್ನೂ ಮಾಡುತ್ತದೆ ಎಂದು ಯಾರಾದರೂ ವಾದಿಸಿ ತೋರಿಸಿದರೆ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತೇವೆ ಎಂದ. ಶಿಷ್ಯ ಅರಿಸ್ಟಾಟಲ್ ಆ ಕೆಲಸವನ್ನು ಮಾಡಿದನೆನ್ನಬಹುದು. ದುರಂತ ನಾಟಕ ಕರುಣೆ ಮತ್ತು ಭಯಗಳನ್ನು ಎಬ್ಬಿಸಿ ಅವುಗಳ ಶೋಧನೆ ಮಾಡುತ್ತದೆ, ಅದೇ ಕೆಥಾರ್ಸಿಸ್. ಅವನ ಇನ್ನೊಂದು ಮಾತು ನನಗೆ ಇದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು: ಇತಿಹಾಸ ನಡೆದದ್ದನ್ನು ಹೇಳುತ್ತದೆ, ಕಾವ್ಯ ನಡೆಯಬಹುದಾದದ್ದನ್ನು ಹೇಳುತ್ತದೆ, ಆದ್ದರಿಂದ ಕಾವ್ಯವೇ ಹೆಚ್ಚು ತಾತ್ತ್ವಿಕವಾದದ್ದು. ಅಂಥ ಮುದುಕ ಇರಲಿಲ್ಲ, ಅಂಥ ಗಡಿಯಾರವೂ ಇರಲಿಲ್ಲ. ಆದರೂ ಕಥೆ ಸುಳ್ಳು ಎಂದು ಯಾರಿಗೂ ಅನಿಸುವುದಿಲ್ಲ.

ಪ್ರಯೋಜನಗಳ ಪೂರ್ಣ ಲೆಕ್ಕ ಕೊಟ್ಟವನು ಮತ್ತೆ ಮಮ್ಮಟನೇ. ಅವನ ಶ್ಲೋಕದಲ್ಲಿ ಆರು ಇವೆ: ಕೀರ್ತಿ, ಹಣ, ಲೋಕವ್ಯವಹಾರದ ತಿಳಿವಳಿಕೆ, ಅಮಂಗಳದ ನಿವಾರಣೆ, ಓದಿದ ತಕ್ಷಣದ ಪರಮಾನಂದ, ಮತ್ತು ಕಾಂತೆಯಂತೆ ಹೇಳುವ ಉಪದೇಶ. ಕೀರ್ತಿ, ಹಣಗಳನ್ನು ಮೊದಲಿಗೆ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟದ್ದು ಅವನ ಪ್ರಾಮಾಣಿಕತೆ. ಆ ಎರಡು ಬರೆಯುವವನಿಗೆ, ಬಂದರೆ. ಅಮಂಗಳದ ನಿವಾರಣೆಗೆ ಅವನು ಕೊಡುವ ಉದಾಹರಣೆ ಸೂರ್ಯನನ್ನು ಸ್ತುತಿಸಿ ಕಷ್ಟದಿಂದ ಪಾರಾದನೆಂಬ ಮಯೂರ ಕವಿ. ಇವತ್ತಿನ ಓದುಗ ಅದನ್ನು ನಂಬಬೇಕಾಗಿಲ್ಲ, ಆದರೆ ಬೇಗುದಿಯ ಒಂದು ರಾತ್ರಿಯನ್ನು ಪುಸ್ತಕದ ಸಹಾಯದಿಂದ ದಾಟಿದವರು ನಗುವುದೂ ಇಲ್ಲ.

ಆರರಲ್ಲಿ ಎಲ್ಲಕ್ಕಿಂತ ಮೇಲಿನದು ಓದುತ್ತಿರುವಾಗಲೇ ಆಗುವ ಆನಂದ ಎಂದು ಮಮ್ಮಟ ಸ್ಪಷ್ಟವಾಗಿ ಹೇಳುತ್ತಾನೆ. ಉಪದೇಶದ ಬಗ್ಗೆ ಅವನ ವಿಂಗಡಣೆ ಪ್ರಸಿದ್ಧ. ವೇದ ಒಡೆಯನಂತೆ ಆಜ್ಞಾಪಿಸುತ್ತದೆ, ಪುರಾಣ ಗೆಳೆಯನಂತೆ ತಿಳಿಹೇಳುತ್ತದೆ, ಕಾವ್ಯ ನಲ್ಲೆಯಂತೆ ಒಲಿಸಿಕೊಂಡು ದಾರಿಗೆ ತರುತ್ತದೆ. ಓದುಗ ಎಂದರೆ ಗಂಡಸು ಎಂದೇ ಇಟ್ಟುಕೊಂಡ ಹೋಲಿಕೆ ಇದು ಎಂಬ ಆಕ್ಷೇಪ ನ್ಯಾಯವಾದದ್ದು. ಆದರೂ ಅದರೊಳಗಿನ ಒಳನೋಟ ಉಳಿಯುತ್ತದೆ: ಆಜ್ಞೆಯನ್ನು ಮೀರಬಹುದು, ಸಲಹೆಯನ್ನು ತಳ್ಳಬಹುದು, ತಾನೇ ಕಂಡುಕೊಂಡೆ ಎಂದು ಅನಿಸಿದ್ದನ್ನು ತಳ್ಳುವುದು ಕಷ್ಟ.

ಇದನ್ನು ಮರೆತ ಕೃತಿಗಳಿಗೆ ಲೆಕ್ಕವಿಲ್ಲ. ಗಡಿಯಾರದ ಕಥೆಯ ಕೊನೆಗೆ ಒಂದು ವಾಕ್ಯ ಸೇರಿಸಿ ನೋಡಿ: ‘ನಿಜವಾದ ಪ್ರೀತಿಗೆ ಸಾವಿಲ್ಲ.’ ಆ ಒಂದು ವಾಕ್ಯಕ್ಕೆ ಹಿಂದಿನ ಐದೂ ಸತ್ತುಹೋದವು. ನೀತಿ ತಪ್ಪು ಎಂದಲ್ಲ. ಓದುಗ ಮಾಡಬೇಕಿದ್ದ ಕೆಲಸವನ್ನು ಲೇಖಕ ಕಸಿದುಕೊಂಡ. ಸಾಹಿತ್ಯಕ್ಕೆ ಸಾಮಾಜಿಕ ಕಾಳಜಿ ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಎರಡೂ ಪಕ್ಷದವರು ಜಾರುವುದು ಈ ಜಾಗದಲ್ಲೇ ಎಂದು ನನಗೆ ಅನಿಸುತ್ತದೆ. 12ನೇ ಶತಮಾನದ ವಚನಕಾರರು ಸಾಹಿತ್ಯ ರಚಿಸುತ್ತೇವೆಂದು ಹೊರಟವರಲ್ಲ. ಅವರಿಗೆ ಹೇಳಬೇಕಾದ ಮಾತಿತ್ತು, ಕಟುವಾಗಿಯೇ ಇತ್ತು, ಮೇಲುಕೀಳಿನ ವಿರುದ್ಧವಾಗಿತ್ತು. ಅದೇ ಮಾತನ್ನು ಆಡಿದ ಬೇರೆಷ್ಟೋ ಜನರ ಮಾತು ಅಳಿದುಹೋಗಿ ವಚನ ಉಳಿದದ್ದು, ಅಲ್ಲಿ ಕಾಳಜಿಯನ್ನು ನುಡಿಯ ಓಟದಿಂದ ಬಿಡಿಸಲು ಬಾರದು ಎಂಬ ಕಾರಣಕ್ಕೆ. ಪಂಪನಿಗಂತೂ ಉದ್ದೇಶಗಳ ಸ್ಪಷ್ಟ ಅರಿವಿತ್ತು. ಒಂದು ಕಾವ್ಯದಲ್ಲಿ ಲೌಕಿಕವನ್ನು, ಇನ್ನೊಂದರಲ್ಲಿ ಜಿನಾಗಮವನ್ನು, ಅಂದರೆ ಜೈನ ಶಾಸ್ತ್ರವನ್ನು ಬೆಳಗುತ್ತೇನೆ ಎಂದು ಅವನೇ ಹೇಳಿಕೊಂಡ. ಬೋಧಿಸುತ್ತೇನೆ ಎನ್ನಲಿಲ್ಲ, ‘ಬೆಳಗುವೆಂ’ ಎಂದ.

ಇಪ್ಪತ್ತನೆಯ ಶತಮಾನ ಈ ಪಟ್ಟಿಗೆ ಸೇರಿಸಿದ್ದರಲ್ಲಿ ಒಂದನ್ನು ಬಿಡುವಂತಿಲ್ಲ. ರಷ್ಯಾದ ವಿಮರ್ಶಕ ವಿಕ್ಟರ್ ಶ್ಕ್ಲೋವ್ಸ್ಕಿ 1917ರಲ್ಲಿ ಬರೆದ ಪ್ರಬಂಧದ ವಾದ ಹೀಗಿದೆ: ಅಭ್ಯಾಸ ಎಲ್ಲವನ್ನೂ ನುಂಗುತ್ತದೆ. ದಿನವೂ ಕಾಣುವುದನ್ನು ನಾವು ಗುರುತಿಸುತ್ತೇವೆ, ನೋಡುವುದಿಲ್ಲ. ಕಲೆ ಇರುವುದು ವಸ್ತುಗಳನ್ನು ಅಪರಿಚಿತಗೊಳಿಸಲು, ಕಲ್ಲು ಮತ್ತೆ ಕಲ್ಲಾಗಿ ಕಾಣುವಂತೆ ಮಾಡಲು. ಟಾಲ್‌ಸ್ಟಾಯ್ ಒಂದು ಕಥೆಯಲ್ಲಿ ಆಸ್ತಿ ಎಂಬ ವ್ಯವಸ್ಥೆಯನ್ನು ಕುದುರೆಯ ಬಾಯಿಂದ ವಿವರಿಸಿದ್ದನ್ನು ಅವನು ಉದಾಹರಿಸುತ್ತಾನೆ. ‘ನನ್ನ ಕುದುರೆ’ ಎನ್ನುವ ಮನುಷ್ಯ ಅದನ್ನು ಹತ್ತುವುದೂ ಇಲ್ಲ, ಮೇಯಿಸುವುದೂ ಇಲ್ಲ. ಹಾಗಾದರೆ ‘ನನ್ನ’ ಎಂದರೇನು ಎಂದು ಕುದುರೆಗೆ ಅರ್ಥವಾಗುವುದಿಲ್ಲ. ಓದಿದ ಮೇಲೆ ನಮಗೂ ಸ್ವಲ್ಪ ಹೊತ್ತು ಅರ್ಥವಾಗುವುದಿಲ್ಲ.

ಗಡಿಯಾರದ ಕಥೆಗೆ ಮರಳುವುದಾದರೆ, ಇದುವರೆಗೆ ಅದನ್ನು ಪ್ರೀತಿಯ ಕಥೆ ಎಂದುಕೊಂಡು ಬಂದಿದ್ದೇವೆ. ಇನ್ನೊಬ್ಬ ಓದುಗ ಬೇರೆ ಹೇಳಬಹುದು: ಅದು ಪ್ರೀತಿಯಲ್ಲ, ಪಶ್ಚಾತ್ತಾಪ, ಮೂವತ್ತು ವರ್ಷದ ಜಗಳದಲ್ಲಿ ತಾನು ಸೋತೆನೆಂದು ಕೇಳಲು ಯಾರೂ ಇಲ್ಲದಾಗ ಒಪ್ಪಿಕೊಂಡ. ಮತ್ತೊಬ್ಬಳು ಓದಿ, ಅವನಿಗೆ ಬೇಕಾಗಿದ್ದದ್ದು ಜಗಳವೇ, ಅದಕ್ಕೆ ಈಗ ಗಡಿಯಾರ ಒಂದೇ ಉಳಿದಿದೆ ಎನ್ನಬಹುದು. ಮೂರರಲ್ಲಿ ಸರಿ ಯಾವುದು ಎಂದು ಕೇಳಿದರೆ, ಆ ಐದು ವಾಕ್ಯಗಳನ್ನು ಬರೆದ ನನ್ನ ಹತ್ತಿರವೂ ಉತ್ತರವಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ ಎನ್ನುವುದಷ್ಟೇ ನನಗೆ ಗೊತ್ತು.